ಪೆಟ್ಟು ತಿಂದೋರ ಕಡೆಯ ಥಿಯಾಲಜಿ

ಥಿಯಾಲಜಿ, ಅಂದ್ರೆ ಕ್ರೈಸ್ತ ದೇವಶಾಸ್ತ್ರ, ಓದೋಕೆ ಬೆಂಗಳೂರಿಗೆ ಬಂದಾಗ ನನಗೆ ಗೊತ್ತಿದ್ದ ಸುವಾರ್ತೆಯಲ್ಲಿ (ಯೇಸುವಿನ ಶುಭಸಂದೇಶದಲ್ಲಿ) ಪಾಪ ಮಾಡಿದೋನಿಗೆ ಕ್ಷಮೆ ಇತ್ತು, ಆ ಪಾಪದಿಂದ ಪೆಟ್ಟು ತಿಂದೋರ ಗತಿ ಏನು ಅಂತ ಯಾರೂ ಕೇಳಿದ್ದು ನೆನಪಿಲ್ಲ. ಅದನ್ನ ಕೇಳಿದ್ದು ಏಷ್ಯನ್ ಥಿಯಾಲಜಿ ತಗೊಳ್ತಿದ್ದ ನಮ್ಮ ಸರ್.

ಪಾಠದಲ್ಲೇ ಅವರು ನಮ್ಮನ್ನ ನೇರವಾಗಿ ದಕ್ಷಿಣ ಕೊರಿಯಾದ ಸಿಯೋಲ್‌ನ ಪ್ಯೊಂಗ್‌ಹ್ವಾ ಮಾರ್ಕೆಟ್‌ಗೆ ಕರ್ಕೊಂಡು ಹೋದ್ರು. ಅಲ್ಲಿನ ಬಟ್ಟೆ ಹೊಲಿಯೋ ವರ್ಕ್‌ಶಾಪ್‌ಗಳಲ್ಲಿ ಒಂದೇ ಮಹಡಿಗೆ ಅಟ್ಟ ಹಾಕಿ ಎರಡು ಮಾಡಿರೋರು, ನೆಟ್ಟಗೆ ನಿಲ್ಲೋಕೂ ಆಗ್ತಿರ್ಲಿಲ್ಲ, ಆ ಧೂಳಲ್ಲೇ ಚಿಕ್ಕ ಚಿಕ್ಕ ಹುಡುಗೀರು ದಿನಕ್ಕೆ 14 ಗಂಟೆ ದುಡೀತಿದ್ರು. ಅಲ್ಲಿ ಕಟಿಂಗ್ ಕೆಲಸ ಮಾಡ್ತಿದ್ದ ಜಿಯೋನ್ ತೇ-ಇಲ್ ತನ್ನ ಬಸ್ ಚಾರ್ಜಲ್ಲಿ ಅವರಿಗೆ ತಿಂಡಿ ಕೊಡಿಸಿ ತಾನು ದೂರದ ಮನೆಗೆ ನಡ್ಕೊಂಡೇ ಹೋಗ್ತಿದ್ದ. ಕಾರ್ಮಿಕ ಕಾನೂನು ಓದ್ಕೊಂಡು ಅಧಿಕಾರಿಗಳ ಹತ್ರ ಅಲೆದ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 1970ರ ನವೆಂಬರ್ 13ರಂದು, ಇನ್ನೂ 22 ವರ್ಷದ ಹುಡುಗ, ನಾವು ಯಂತ್ರಗಳಲ್ಲ ಅಂತ ಕೂಗ್ತಾ ಬೆಂಕಿಗೆ ಪ್ರಾಣ ಕೊಟ್ಟ. ಅವನ ತಾಯಿ ಲೀ ಸೋ-ಸುನ್ 2011ರಲ್ಲಿ ತೀರಿಕೊಳ್ಳೋವರೆಗೂ ಕಾರ್ಮಿಕರ ಜೊತೆ ನಿಂತ್ರು, ಆ ತಾಯಿ ಬಗ್ಗೆ ಹೇಳೋವಾಗ ಸರ್ ಗಂಟಲು ಕಟ್ತಿತ್ತು.

ಅನ್ಯಾಯ ಆಗಿದೆ, ಹೇಳ್ಕೊಳ್ಳೋಕೆ ಜಾಗ ಇಲ್ಲ, ನ್ಯಾಯ ಸಿಗೋ ದಾರಿನೂ ಇಲ್ಲ, ಒಳಗೇ ಹೆಪ್ಪುಗಟ್ಟಿ ಮುಂದಿನ ತಲೆಮಾರಿಗೂ ದಾಟೋ ಆ ನೋವಿಗೇ ಕೊರಿಯನ್ನರು ಹಾನ್ ಅಂತಾರೆ. ಅಲ್ಲಿನ ಥಿಯಾಲಜಿ ಪ್ರೊಫೆಸರ್ ಸುಹ್ ನಾಮ್-ದೊಂಗ್ ಹೇಳಿದ್ದು ಇಷ್ಟು: ಆಳೋರು ಬಡವರ ಮೇಲೆ ಪಾಪಿ ಅನ್ನೋ ಹಣೆಪಟ್ಟಿ ಹಚ್ತಾರೆ, ಚರ್ಚು ಅದನ್ನ ಬಿಟ್ಟು ಜನರ ಹಾನ್‌ಗೆ ಪುರೋಹಿತ ಆಗ್ಬೇಕು. ಆಳೋರ ವಿರುದ್ಧ ನಿಂತಿದ್ದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ, 1975ರಲ್ಲಿ ಯೋನ್ಸೆ ಯೂನಿವರ್ಸಿಟಿ ಕೆಲಸ ಹೋಯ್ತು, ಆಮೇಲೆ ಜೈಲು. ಅದೇ ದಾರೀಲಿ ಹೋದ ಬೈಬಲ್ ವಿದ್ವಾಂಸ ಆನ್ ಬ್ಯುಂಗ್-ಮು ಮಾರ್ಕನ ಸುವಾರ್ತೆ ಓದಿ, ಯೇಸುವಿನ ಸುತ್ತ ಇರೋ ಜನಜಂಗುಳಿ ಬರೀ ಹಿನ್ನೆಲೆ ಅಲ್ಲ, ಅವರಿಲ್ಲದೆ ಯೇಸು ಅರ್ಥನೇ ಆಗಲ್ಲ ಅಂದ್ರು. ಇದೆಲ್ಲ ಸೇರಿ ಮಿನ್ಜುಂಗ್ ಥಿಯಾಲಜಿ, ಅಂದ್ರೆ ತುಳಿತಕ್ಕೆ ಸಿಕ್ಕ ಸಾಮಾನ್ಯ ಜನರ ಥಿಯಾಲಜಿ, ಆಯ್ತು. ಹಾನ್ ಸುಮ್ನೆ ಸೇಡಾಗಿ ತಿರುಗಬಾರದು, ಆ ಸರಪಳಿ ಎಲ್ಲೋ ಒಂದ್ಕಡೆ ಕಡೀಬೇಕು ಅನ್ನೋದೂ ಅದರಲ್ಲೇ ಇದೆ, ನನಗೆ ಅತೀ ಕಷ್ಟ ಅನ್ಸೋ ಭಾಗ ಅದೇ.

ನಮ್ಮೂರಿಗೂ ಇದಕ್ಕೂ ನಂಟಿದೆ. ಥಿಯಾಲಜಿ ಪಂಡಿತ ಅರವಿಂದ್ ನಿರ್ಮಲ್ ದಲಿತರ ನೋವಿಂದಲೇ ಥಿಯಾಲಜಿ ಹುಟ್ಟಬೇಕು ಅಂತ 1981ರಲ್ಲಿ ಮಾತು ಶುರು ಮಾಡಿದ್ದು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಲ್ಲೇ. ಎರಡೂ ದೇಶದಲ್ಲಿ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ!

ನಾನು ಪಾದ್ರಿಯಾಗಿ ಒಂದು ಚರ್ಚಿನ ಸಭೆ ನೋಡ್ಕೊಳ್ಳೋಕೆ ಶುರು ಮಾಡಿದ ಮೇಲೆ, ಜೀವನಪೂರ್ತಿ ಗಂಡನ ಏಟು ತಿಂದ ಅಜ್ಜಿ ಒಬ್ರು ಕೇಳಿದ್ರು, "ಅಯ್ಯನೋರೆ, ವಾರ ವಾರ ಪಾಪದ ಅರಿಕೆ ಮಾಡಿಸ್ತೀರಿ, ನಾನು ಯಾವುದನ್ನ ಅರಿಕೆ ಮಾಡ್ಲಿ?" ಅವತ್ತು ಸರ್ ಕ್ಲಾಸ್ ನನ್ನ ಕೈ ಹಿಡೀತು. ಈಗ ಅರಿಕೆಗಿಂತ ಮುಂಚೆ ಪೆಟ್ಟು ತಿಂದೋರಿಗೋಸ್ಕರ ಬೈಬಲಿನ 13ನೇ ಕೀರ್ತನೆ ಓದ್ತೀವಿ, ದೇವರೇ ಎಷ್ಟರವರೆಗೆ ನನ್ನ ಮರೀತೀಯ ಅನ್ನೋ ಮೊರೆ ಅದು. ಆರಾಧನೆ ಕ್ರಮದಲ್ಲಿ ಇಲ್ವಲ್ಲ ಅಂತ ಕೆಲವು ಹಿರಿಯರು ಈಗ್ಲೂ ಹೇಳ್ತಾರೆ, ಆದ್ರೆ ಅಜ್ಜಿ ಅದೇ ಹೊತ್ತಿಗೆ ಎದ್ದು ನಿಂತ್ಕೊಂಡು ಜೋರಾಗಿ ಓದ್ತಾರೆ.