ಈ ಜಾಜ್‌ನಲ್ಲಿ ನಿನಗೆ ಏನು ಕೇಳಿಸುತ್ತೆ?

ಮನೆಗೆ ಬಂದವರು, ಆಫೀಸಿನ ಗೆಳೆಯರು, ನೆಂಟರು, ಎಲ್ಲರೂ ಕೇಳುವ ಪ್ರಶ್ನೆ ಇದು. ಹೊಸ ಜಾಜ್, ಫ್ಯೂಷನ್, ಬ್ಲೂಸ್ ಆಲ್ಬಂ ಬಂತು ಅಂದರೆ ಹುಡುಕಿಕೊಂಡು ಹೋಗ್ತೀಯಲ್ಲ, ಅದರಲ್ಲಿ ನಿನಗೆ ಏನು ಕೇಳಿಸುತ್ತೆ? ನಮಗೆ ಬರೀ ಗಲಾಟೆ. ಎಲ್ಲರಿಗಿಂತ ಚೆನ್ನಾಗಿ ಈ ಪ್ರಶ್ನೆ ಹಾಕಿದವರು ನನ್ನ ಚಿಕ್ಕಪ್ಪ. ರಾಮನವಮಿ ಬಂದರೆ ಒಂದು ಸಂಗೀತ ಕಚೇರಿಯನ್ನೂ ಬಿಡದೆ, ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುವವರು. ನನ್ನ ಫೋನಿನಲ್ಲಿ ಐದು ನಿಮಿಷ ಕೇಳಿ, "ಏನೋ ಇದು, ಇನ್ನೂ ಶ್ರುತಿ ಸೇರಿಸ್ತಾ ಇದಾರಾ?" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು, ಯಾಕೆಂದರೆ ನನ್ನ ಉತ್ತರ ಅದರಲ್ಲೇ ಇದೆ. ನಮ್ಮ ಕಚೇರಿಯಲ್ಲಿ ತಂಬೂರಿ ಮೊದಲಿಂದ ಕೊನೆಯವರೆಗೆ ಒಂದೇ ಷಡ್ಜ, ಅಂದರೆ 'ಸ', ಹಿಡಿದಿರುತ್ತದೆ. ಹಾಡುವವರು ಎಲ್ಲೇ ಸುತ್ತಾಡಲಿ, ಕಾಲ ಕೆಳಗಿನ ನೆಲ ಅಲ್ಲಾಡುವುದಿಲ್ಲ. ಜಾಜ್ ಮತ್ತು ಬ್ಲೂಸ್‌ನಲ್ಲಿ ಆ ನೆಲವೇ ಜಾಗ ಬದಲಿಸುತ್ತದೆ. ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಅಂದರೆ ಕಾರ್ಡ್, ಮತ್ತೆ ಮತ್ತೆ ಬದಲಾಗುತ್ತದೆ. ಮೇಲೆ ನುಡಿಸುವವರು ಅದಕ್ಕೆ ತಕ್ಕ ಹಾಗೆ ಸ್ವರ ಆರಿಸುತ್ತಾರೆ. ಒಂದೇ ಷಡ್ಜ ಹುಡುಕುತ್ತಾ ಕೂತ ಕಿವಿಗೆ ಇದು ಶ್ರುತಿ ಸೇರದ ಹಾಗೆ ಕೇಳಿಸುವುದು ಸಹಜ ಅಲ್ವಾ?

ಅದಕ್ಕೇ ನಾನು ಮೊದಲು ಕೇಳಿಸಿಕೊಳ್ಳುವುದು ಸ್ಯಾಕ್ಸೋಫೋನ್ ಅಲ್ಲ, ಗಿಟಾರ್ ಅಲ್ಲ. ಬೇಸ್, ಎಲ್ಲಕ್ಕಿಂತ ಕೆಳಗಿನ ಸ್ವರ ನುಡಿಸುವ ದಪ್ಪ ತಂತಿಯ ವಾದ್ಯ. ನೆಲ ಎಲ್ಲಿಗೆ ಹೋಯಿತು ಅಂತ ಹೇಳುವುದು ಅದೇ.

ಲೆಕ್ಕ ಹಿಡಿಯಲು ಬ್ಲೂಸ್‌ಗಿಂತ ಸುಲಭದ್ದು ಇಲ್ಲ. ಹನ್ನೆರಡು ಬಾರ್, ಅಂದರೆ ಎಣಿಕೆಯ ಗುಂಪು, ಒಂದೊಂದಕ್ಕೆ ನಾಲ್ಕು ಎಣಿಕೆ, ಒಟ್ಟು 48. ಅದು ಒಂದು ಆವರ್ತನ, ತಾಳದ ಒಂದು ಪೂರ್ತಿ ಸುತ್ತು, ಅಂದುಕೊಳ್ಳಿ. ಮೊದಲ ನಾಲ್ಕು ಬಾರ್ ನೆಲ ಷಡ್ಜದಲ್ಲಿ. ಐದಕ್ಕೆ ಮಧ್ಯಮಕ್ಕೆ ('ಮ') ಹೋಗುತ್ತದೆ, ಏಳಕ್ಕೆ ಮನೆಗೆ ವಾಪಸ್. ಒಂಬತ್ತಕ್ಕೆ ಪಂಚಮ ('ಪ'), ಅಲ್ಲಿಂದ ಇಳಿದು ಮತ್ತೆ ಷಡ್ಜ. ಇದರಲ್ಲಿ ಸಣ್ಣಪುಟ್ಟ ಬದಲಾವಣೆ ಬೇಕಾದಷ್ಟಿವೆ, ಆದರೆ ಬೆನ್ನೆಲುಬು ಇದೇ. ಹಾಡಿದರೆ ಸಾಮಾನ್ಯವಾಗಿ ಒಂದೇ ಸಾಲನ್ನು ಎರಡು ಸಲ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಸಾಲಿನ ನಡುವೆ ಬಿಟ್ಟ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ.

ಇಷ್ಟನ್ನು ಚಿಕ್ಕಪ್ಪನಿಗೆ ಹೇಳಿದರೆ ಸಾಲದು ಅನ್ನಿಸಿ, ಒಂದು ಭಾನುವಾರ ಅವರನ್ನು ಊಟದ ಮೇಜಿನ ಹತ್ತಿರ ಕೂರಿಸಿ ಒಳ್ಳೆಯ ಹೆಡ್‌ಫೋನ್ ಕೊಟ್ಟೆ. ಫೋನಿನ ಸ್ಪೀಕರ್‌ನಲ್ಲಿ ಕೇಳಿಸಿದ್ದು ನನ್ನದೇ ತಪ್ಪು. ಡಬಲ್ ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ, ಅಷ್ಟು ಕೆಳಗಿನ ನಾದ ಆ ಪುಟ್ಟ ಸ್ಪೀಕರ್‌ನಿಂದ ಹೊರಗೇ ಬರುವುದಿಲ್ಲ. ನೆಲ ಕಿತ್ತು ಹಾಕಿ, ಮೇಲಿನದ್ದನ್ನಷ್ಟೇ ಅವರಿಗೆ ಕೇಳಿಸಿದ್ದೆ.

ಎಣಿಕೆ ಹಿಡಿಯಲಿ ಅಂತ ಮೊದಲು ಹಳೆಯದೊಂದನ್ನು ಹಾಕಿದೆ. ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಂನ 'ಫ್ರೆಡ್ಡಿ ಫ್ರೀಲೋಡರ್'. ಪಾಲ್ ಚೇಂಬರ್ಸ್‌ನ ಬೇಸ್ ಒಂದೊಂದು ಎಣಿಕೆಗೆ ಒಂದೊಂದು ಹೆಜ್ಜೆ ಇಡುತ್ತಾ ನಡೆಯುತ್ತದೆ. ಚಿಕ್ಕಪ್ಪ ತೊಡೆಯ ಮೇಲೆ ತಾಳ ಹಾಕುತ್ತಾ ಎರಡು ಸುತ್ತು ಸುಮ್ನೆ ಕೇಳಿದರು. ಮೂರನೇ ಸುತ್ತಿನ ಒಂಬತ್ತನೇ ಬಾರ್‌ಗೆ ಕೈ ಗಾಳಿಯಲ್ಲೇ ನಿಂತಿತು. "ಪಂಚಮಕ್ಕೆ ಹೋದ!" ಅಂತ ಜೋರಾಗಿ ಅಂದರು. ಅಡುಗೆಮನೆಯಿಂದ ಚಿಕ್ಕಮ್ಮ "ಯಾರು ಹೋದ್ರು?" ಅಂತ ಓಡಿ ಬಂದರು.

ಹೊಸದನ್ನು ಹಾಕಿದ್ದು ಆಮೇಲೆ. 1999ರಲ್ಲಿ ಹುಟ್ಟಿದ ಬ್ಲೂಸ್ ಗಿಟಾರ್ ಹುಡುಗ, ಅಮೆರಿಕದ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್ ಊರಿನವನು, ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಾಮ್. 2021ರ ಅವನ ಆಲ್ಬಂ ಹೆಸರು '662', ಅದು ಅವನ ಊರಿನ ಕಡೆಯ ಫೋನ್ ಕೋಡ್. ನಮ್ಮೂರಿನ ಹುಡುಗ ತನ್ನ ಆಲ್ಬಂಗೆ ಎಸ್‌ಟಿಡಿ ಕೋಡ್ ಇಟ್ಟ ಹಾಗೆ. ಗಿಟಾರಿನ ತಂತಿಯನ್ನು ಎಳೆದು ಗಾಂಧಾರವನ್ನು ('ಗ') ಅದರ ಕೆಳಗಿನ ರೂಪ ಸಾಧಾರಣಕ್ಕೂ ಮೇಲಿನ ರೂಪ ಅಂತರಕ್ಕೂ ನಡುವೆ ನಿಲ್ಲಿಸುವುದು ಬ್ಲೂಸ್‌ನವರ ಹಳೆಯ ಚಾಳಿ, ಇವನಲ್ಲೂ ಇದೆ. ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದನ್ನು, ಕೇಳಿ ಬೆಳೆದ ನಮಗೆ ಅದು ಹೊಸದೇ ಅಲ್ಲ.

ಫ್ಯೂಷನ್, ಅಂದರೆ ಬೇರೆ ಬೇರೆ ಸಂಗೀತಗಳನ್ನು ಬೆರೆಸುವುದರ ಬಗ್ಗೆ ನನಗೆ ಸ್ವಲ್ಪ ಹಟ ಜಾಸ್ತಿ. ತಬಲಾ ಒಂದು ಕಡೆ, ಕೀಬೋರ್ಡ್ ಇನ್ನೊಂದು ಕಡೆ ನುಡಿದರೆ ಅದನ್ನು ಫ್ಯೂಷನ್ ಅನ್ನಲು ಮನಸ್ಸು ಬರುವುದಿಲ್ಲ. ಒಬ್ಬರು ಆಡಿದ್ದು ಇನ್ನೊಬ್ಬರ ನುಡಿತವನ್ನು ಬದಲಿಸಬೇಕು. ನಮ್ಮ ಕರ್ನಾಟಕ ಸಂಗೀತದ ಕದ್ರಿ ಗೋಪಾಲನಾಥರು ಅಮೆರಿಕದಲ್ಲಿ ಬೆಳೆದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ಮಾಡಿದ 2008ರ 'ಕಿನ್ಸ್‌ಮೆನ್' ಆಲ್ಬಂ ಹಾಗಿದೆ. ಇಬ್ಬರ ಕೈಯಲ್ಲೂ ಆಲ್ಟೋ ಸ್ಯಾಕ್ಸೋಫೋನೇ. ಯಾರು ಯಾವುದು ಅಂತ ಗುರುತಿಸುವುದೇ ಒಂದು ಸುಖ. ಸ್ವರ ಜಾರಿ, ತೂಗಿ, ನಾಗಸ್ವರದ ಹಾಗೆ ಬಾಗಿದರೆ ಕದ್ರಿಯವರು. ಚೂಪಾಗಿ, ಒಂದೊಂದು ಸ್ವರ ಬಿಡಿಬಿಡಿಯಾಗಿ ಓಡಿದರೆ ರುದ್ರೇಶ್. ಸ್ವಲ್ಪ ಹೊತ್ತು ಕೇಳಿದ ಮೇಲೆ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬರುತ್ತದೆ, ಅಲ್ಲಿ ನಾನು ಕೆಲಸ ಬಿಟ್ಟು ಕೂರುತ್ತೇನೆ. ಬೆಂಗಳೂರಿಗೆ ಇದೇನೂ ಹೊಸತಲ್ಲ. ಮೃದಂಗ ವಾದಕ ಟಿ.ಎ.ಎಸ್. ಮಣಿ ಇಲ್ಲಿ 1964ರಲ್ಲಿ ಕಟ್ಟಿದ ತಾಳವಾದ್ಯ ಶಾಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲೇ 'ಜ್ಯೋತಿ' ಆಲ್ಬಂ ತಂದಿತ್ತು. ಆರ್.ಎ. ರಮಾಮಣಿಯವರ ಕಂಠ ಅದರಲ್ಲಿದೆ.

2023ರ 'ದಿಸ್ ಮೊಮೆಂಟ್' ಮಾತ್ರ ಈಗ ಕೇಳುವುದು ಕಷ್ಟ. ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ ಅವರ 'ಶಕ್ತಿ' ತಂಡ ದಶಕಗಳ ನಂತರ ತಂದ ಸ್ಟುಡಿಯೋ ಆಲ್ಬಂ ಅದು. ಮರುವರ್ಷ ಗ್ರ್ಯಾಮಿ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ತಂಡದ ತಬಲಾ ವಾದಕ ಜಾಕಿರ್ ಹುಸೇನ್ ತೀರಿಹೋದರು.

ಸದ್ಯಕ್ಕೆ ನನ್ನ ಕಿವಿಯಲ್ಲಿರುವುದು ಪಿಯಾನೊ ವಾದಕ ವಿಜಯ್ ಅಯ್ಯರ್ ಅವರ 2021ರ 'ಅನ್‌ಈಸಿ'. ಮೂರೇ ಜನ. ಒಂದು ವಾರ ಪಿಯಾನೊ ಕಡೆ ಗಮನ ಕೊಡದೆ ಲಿಂಡಾ ಮೇ ಹ್ಯಾನ್ ಓ ಅವರ ಬೇಸ್ ಹಿಂದೆಯೇ ಹೋದೆ. ಈ ವಾರ ಟೈಶಾನ್ ಸೋರಿಯ ಡ್ರಮ್ಸ್. ಭಾನುವಾರ ಚಿಕ್ಕಪ್ಪ ಬರುತ್ತಾರೆ, ಹೆಡ್‌ಫೋನ್ ಚಾರ್ಜ್ ಮಾಡಿಡು ಅಂತ ನಿನ್ನೆಯೇ ಫೋನ್ ಮಾಡಿ ಹೇಳಿದರು.