ಇಷ್ಟೊಂದು ಪದ ನಿಮಗೆ ಹೇಗೆ ಗೊತ್ತು?

ಪೇಪರಿನ ಪದಬಂಧ ಬಿಡಿಸುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳುತ್ತಾರೆ, ನೆಂಟರ ಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಸ್ವಲ್ಪ ಹೊತ್ತು ಬಗ್ಗಿ ನೋಡಿ ಕೇಳುತ್ತಾರೆ. "ಇಷ್ಟೊಂದು ಪದ ನಿಮಗೆ ಹೇಗೆ ಗೊತ್ತು?" ನನ್ನ ಉತ್ತರ ಯಾವಾಗಲೂ ಒಂದೇ. ನಿಮಗೆ ಎಷ್ಟು ಗೊತ್ತೋ ಹೆಚ್ಚುಕಮ್ಮಿ ನನಗೂ ಅಷ್ಟೇ ಗೊತ್ತು. ಗೊತ್ತಿರುವ ಪದವನ್ನೇ ಇನ್ನೊಂದು ಕಡೆಯಿಂದ ನೋಡುವ ಅಭ್ಯಾಸ ನನಗಿದೆ, ಅಷ್ಟೇ. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ದೊಡ್ಡತನಕ್ಕೆ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅದಕ್ಕೇ ಇವತ್ತು ಉದಾಹರಣೆ ಕೊಟ್ಟು ಬರೆಯುತ್ತಿದ್ದೇನೆ.

ಒಂದು ಸುಳಿವು ತಗೊಳ್ಳಿ: "ನಂದು (2)". ಎರಡು ಅಕ್ಷರದ ಉತ್ತರ ಬೇಕು. ನಂದು ಅಂದ ತಕ್ಷಣ ತಲೆಗೆ ಬರುವುದು "ಇದು ನಂದು, ಅದು ನಿಂದು" ಎನ್ನುವ ನಂದು. ಹಾಗಾದರೆ ಉತ್ತರ "ನನ್ನ" ಇರಬಹುದಾ, "ಸ್ವಂತ" ಇರಬಹುದಾ? ಎರಡೂ ಎರಡಕ್ಷರವೇ, ಆದರೆ ಅಡ್ಡ ಬಂದಿರುವ ಪದದ ಜೊತೆ ಕೂಡುವುದಿಲ್ಲ. ಆಗ ಸುಳಿವನ್ನು ಮತ್ತೆ ಓದಬೇಕು. ದೀಪ ನಂದುತ್ತದೆ. ದೀಪ ಆರುತ್ತದೆ. ಉತ್ತರ "ಆರು". ಇದರಲ್ಲಿ ನಿಮಗೆ ಗೊತ್ತಿಲ್ಲದ ಪದ ಯಾವುದಿತ್ತು ಹೇಳಿ?

ಕನ್ನಡದಲ್ಲಿ ಇಂಥವು ಎಷ್ಟು ಬೇಕಾದರೂ ಸಿಗುತ್ತವೆ. ದೊರೆಯೂ ಅರಸು, ಹುಡುಕುವುದೂ ಅರಸು. ಕರ ಅಂದರೆ ಕೈ, ತೆರಿಗೆ, ಕಿರಣ. ನೆರೆ ಅಂದರೆ ಪಕ್ಕದ ಮನೆ, ಹೊಳೆಯ ಪ್ರವಾಹ, ತಲೆಯ ಬಿಳಿಕೂದಲು. ಮಳೆಗೆ ಹಿಡಿಯುವುದೂ ಕೊಡೆ, "ನಾನು ಕೊಡಲ್ಲ" ಅನ್ನುವುದೂ ಕೊಡೆ. ತೊಡೆ ಕಾಲಿನ ಭಾಗವೂ ಹೌದು, ಒರೆಸು ಎನ್ನುವ ಅರ್ಥವೂ ಹೌದು. ಇವನ್ನೆಲ್ಲ ನಾವು ದಿನಾ ಆಡುತ್ತೇವೆ, ಓದುತ್ತೇವೆ, ಆದರೆ ಒಂದು ಸಲಕ್ಕೆ ಒಂದು ಅರ್ಥ ಮಾತ್ರ ನೆನಪಿಗೆ ಬರುತ್ತದೆ, ಯಾಕೆಂದರೆ ಮಾತಾಡುವಾಗ ಅಷ್ಟೇ ಸಾಕು. ಪದಬಂಧ ಕಟ್ಟುವವರು ಇದನ್ನು ಚೆನ್ನಾಗಿ ಬಲ್ಲರು. ನಿಮಗೆ ಮೊದಲು ಹೊಳೆಯುವ ಅರ್ಥದ ಕಡೆಗೇ ನಿಮ್ಮನ್ನು ಕಳಿಸಿ, ಉತ್ತರವನ್ನು ಇನ್ನೊಂದು ಅರ್ಥದಲ್ಲಿ ಇಟ್ಟಿರುತ್ತಾರೆ.

ಇದರ ಮುಂದಿನ ಹೆಜ್ಜೆ, ನನಗೆ ತುಂಬಾ ಇಷ್ಟವಾದದ್ದು, ಇಡೀ ಪದಬಂಧಕ್ಕೆ ಒಂದೇ ಪದದಾಟವನ್ನು ಹೊಂದಿಸುವುದು. ಗೆಳೆಯರಿಗಾಗಿ ನಾನೇ ಕಟ್ಟಿದ ಒಂದನ್ನು ಹೇಳುತ್ತೇನೆ. ಅದರಲ್ಲಿ "ನಂದು" ಇತ್ತು. "ಮಲಗಿದ್ದು ಸಾಕು (2)" ಇತ್ತು. "ಬಸ್ ಬಂತು, ಇನ್ನೇನು ನೋಡುತ್ತೀ? (2)" ಇತ್ತು. "ಚಟ್ನಿ ಬೇಕಾದರೆ ಕಾಯಿ, ಮೆಣಸಿನಕಾಯಿ ಹಾಕಿ ಹೀಗೆ ಮಾಡು (2)" ಇತ್ತು. "ಹಳೆಯ ಕಾವ್ಯದಲ್ಲಿ ಹೋಗು, ಸೇರು (2)" ಕೂಡ ಇತ್ತು. ಉತ್ತರಗಳು ಕ್ರಮವಾಗಿ ಆರು, ಏಳು, ಹತ್ತು, ಅರೆ, ಐದು. ಐದು ಎನ್ನುವುದಕ್ಕೆ ಹೋಗು, ತಲುಪು ಎಂಬ ಅರ್ಥ ಈಗ ಮಾತಿನಲ್ಲಿ ಇಲ್ಲ, ಆದರೆ ಗಮಕ ಕೇಳುವವರ ಕಿವಿಗೆ "ಐದಿದನು" ಹೊಸದೇನಲ್ಲ. ಬಿಡಿಸುವವರು ಒಂದೊಂದನ್ನೇ ತುಂಬುತ್ತಾ ಹೋಗುತ್ತಾರೆ, ಎಲ್ಲವೂ ಕ್ರಿಯಾಪದ ಅಂದುಕೊಳ್ಳುತ್ತಾರೆ. ಕೊನೆಗೆ ನಡುವಿನ ಸಾಲಿನಲ್ಲಿ "ಬಹುಮತ ಇರುವವರ ಶಕ್ತಿ, ಈ ಪದಬಂಧಕ್ಕೂ ಅದೇ ಆಧಾರ (4)" ಅಂತ ಬರುತ್ತದೆ. ಸಂಖ್ಯಾಬಲ. ಆಗ ತುಂಬಿದ್ದನ್ನೆಲ್ಲ ಮತ್ತೊಮ್ಮೆ ನೋಡುತ್ತಾರೆ. ಎಲ್ಲ ಸಂಖ್ಯೆಗಳೇ! ಈ ಹೊತ್ತಿನ ಖುಷಿಗಾಗಿಯೇ ನಾನು ಪದಬಂಧ ಬಿಡಿಸುವುದು.

ಅಮೆರಿಕದ ಪತ್ರಿಕೆಗಳಲ್ಲಿ ಇಂಥ ಆಟ ವಾರದ ಬಹುಪಾಲು ದಿನ ಇರುತ್ತದೆ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸೋಮವಾರದ ಪದಬಂಧ ಸುಲಭ, ಶನಿವಾರದ್ದು ಬಲು ಕಷ್ಟ. ಸಾಮಾನ್ಯವಾಗಿ ಸೋಮವಾರದಿಂದ ಗುರುವಾರದವರೆಗೆ ಮತ್ತು ಭಾನುವಾರ ಒಂದು ವಿಷಯ ಇಟ್ಟುಕೊಂಡೇ ಕಟ್ಟುತ್ತಾರೆ. ಗುರುವಾರ ಒಂದೇ ಚೌಕದಲ್ಲಿ ಹಲವು ಅಕ್ಷರ ತುರುಕಬೇಕಾದಂಥ ವಿಚಿತ್ರಗಳೂ ಬರುತ್ತವೆ. ವಿಶೇಷ ಏನೆಂದರೆ ಇದೇ ಪತ್ರಿಕೆ 1924ರಲ್ಲಿ ಪದಬಂಧವೆಂದರೆ ಬರೀ ಕಾಲಹರಣ ಅಂತ ಬರೆದಿತ್ತು! ಬೇರೆ ಪತ್ರಿಕೆಗಳೆಲ್ಲ ಹಾಕುತ್ತಿದ್ದರೂ ಅದು ಶುರುಮಾಡಿದ್ದು 1942ರಲ್ಲಿ, ಅದೂ ಭಾನುವಾರ ಮಾತ್ರ. ದಿನಾ ಬರಲು 1950 ಆಗಬೇಕಾಯಿತು.

ಆ ಪತ್ರಿಕೆಯಲ್ಲಿ ಬಂದ ಒಂದು ಪದಬಂಧದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1996ರ ನವೆಂಬರ್ 5, ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯ ದಿನ. ಜೆರೆಮಿಯಾ ಫ್ಯಾರೆಲ್ ಎಂಬ ಗಣಿತದ ಪ್ರಾಧ್ಯಾಪಕರು ಕಟ್ಟಿದ್ದು. ನಡುವಿನ ಸುಳಿವು, ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ. ಮತದಾನವೇ ಮುಗಿದಿಲ್ಲ, ನಾಳೆಯ ಸುದ್ದಿ ಹೇಗೆ ಹೇಳುವುದು? ಉತ್ತರದಲ್ಲಿ "ಆಯ್ಕೆ" ಎನ್ನುವುದರ ಮುಂದೆ ಏಳು ಅಕ್ಷರದ ಹೆಸರು ಬೇಕು. ಇಂಗ್ಲಿಷಿನಲ್ಲಿ ಬರೆದರೆ ಕ್ಲಿಂಟನ್ ಏಳು ಅಕ್ಷರ, ಅವರ ಎದುರಾಳಿ ಬಾಬ್ ಡೋಲ್ ಕೂಡ ಏಳೇ ಅಕ್ಷರ. ಯಾರ ಹೆಸರು ಹಾಕಿದರೂ ಸರಿ! ಏಕೆಂದರೆ ಆ ಏಳು ಚೌಕಗಳ ಮೂಲಕ ಇಳಿಯುವ ಏಳು ಪದಗಳಿಗೂ ಎರಡೆರಡು ಉತ್ತರ ಕೂಡುವಂತೆ ಸುಳಿವು ಬರೆದಿದ್ದರು. ಹ್ಯಾಲೋವೀನ್ ಹಬ್ಬದ ಕಪ್ಪು ಪ್ರಾಣಿ ಅಂದರೆ ಕ್ಯಾಟ್ ಆಗಬಹುದು, ಬ್ಯಾಟ್ ಕೂಡ ಆಗಬಹುದು. ಬೆಕ್ಕು ಬರೆದವರಿಗೆ ಕ್ಲಿಂಟನ್‌ನ ಮೊದಲಕ್ಷರ ಸಿಗುತ್ತದೆ, ಬಾವಲಿ ಬರೆದವರಿಗೆ ಬಾಬ್‌ನ ಮೊದಲಕ್ಷರ. ಹೀಗೆ ಏಳೂ ಕಡೆ. ಅದನ್ನು ಕಟ್ಟಿದವರ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ನಮ್ಮ ಭಾಷೆಗೆ ಬಂದರೆ ಇಲ್ಲಿನ ಲೆಕ್ಕವೇ ಬೇರೆ. ಇಂಗ್ಲಿಷಿನವರಿಗೆ ಒಂದು ಚೌಕದಲ್ಲಿ ಬರಬಹುದಾದದ್ದು 26 ಅಕ್ಷರ. ನಮಗೆ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಸಾಲದ್ದಕ್ಕೆ ಒತ್ತಕ್ಷರ. "ಕಿ" ಇರುವ ಚೌಕದಲ್ಲಿ "ಕೀ" ಕೂರುವುದಿಲ್ಲ. ಲಕ್ಷ್ಮಿ ಎರಡೇ ಚೌಕ, ಪ್ರಶಸ್ತಿ ಮೂರು. ಅಡ್ಡ ಮತ್ತು ಉದ್ದ ಎರಡೂ ಪದಕ್ಕೆ ಒಂದೇ ಅಕ್ಷರ ಕೂಡಿಬರುವುದು ಅಷ್ಟು ಸುಲಭವಲ್ಲ, ಅದಕ್ಕೇ ನಮ್ಮ ಪದಬಂಧಗಳಲ್ಲಿ ಕಪ್ಪು ಚೌಕ ಜಾಸ್ತಿ ಕಾಣುತ್ತವೆ. ಕಟ್ಟುವವರಿಗೆ ಇದು ಕಷ್ಟ, ಬಿಡಿಸುವವರಿಗೆ ಲಾಭ. ಇಂಗ್ಲಿಷಿನಲ್ಲಿ ಒಂದಕ್ಷರ ಸಿಕ್ಕರೆ ಅಂಥಾ ಸಹಾಯವೇನೂ ಆಗುವುದಿಲ್ಲ. ನಮ್ಮಲ್ಲಿ ಪದದ ಕೊನೆಗೆ "ಸ್ತಿ" ಇದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಆಸ್ತಿ, ಕುಸ್ತಿ, ದೋಸ್ತಿ, ಶಾಸ್ತಿ, ಜಾಸ್ತಿ, ಬಸ್ತಿ... ಇನ್ನೆಷ್ಟು ಹೇಳುತ್ತೀರಿ? ಅದಕ್ಕೇ ನಾನು ಒತ್ತಕ್ಷರ ಬರಬಹುದಾದ ಕಡೆಯಿಂದ ಶುರುಮಾಡುತ್ತೇನೆ, ಒಂದನೇ ಸುಳಿವಿನಿಂದಲೇ ಹೊರಡಬೇಕು ಅಂತ ನಿಯಮವೇನಿಲ್ಲ. ಮಹಾಪ್ರಾಣ ಸಿಕ್ಕರೂ ಹಾಗೇ, ಹುಡುಕುವ ಜಾಗ ತಟ್ಟನೆ ಚಿಕ್ಕದಾಗುತ್ತದೆ. ಬರೀ "ರ", ಬರೀ "ಲು" ಸಿಕ್ಕರೆ ಮಾತ್ರ ಏನೂ ಪ್ರಯೋಜನವಿಲ್ಲ.

ಸುಳಿವಿನ ಕೊನೆಯನ್ನೂ ನೋಡಬೇಕು. ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ಬಹುವಚನ, ಅಂದರೆ ಕೊನೆಯ ಎರಡು ಚೌಕ "ಗಳು" ಆಗುವ ಸಾಧ್ಯತೆ ಹೆಚ್ಚು. ಸುಳಿವು "ಬೇಡಿದನು" ಅಂತಿದ್ದರೆ ಉತ್ತರವೂ "ನು"ವಿನಲ್ಲಿ ಮುಗಿಯುತ್ತದೆ. ಪದ ಹೊಳೆಯುವ ಮೊದಲೇ ಪೆನ್ಸಿಲ್‌ನಲ್ಲಿ ಈ ಬಾಲಗಳನ್ನು ಬರೆದಿಟ್ಟುಕೊಳ್ಳಿ.

ಇನ್ನು ತಿರುಗುಮುರುಗು ಸುಳಿವುಗಳು. ನಮ್ಮಲ್ಲಿ ಅಕ್ಷರ ಪೂರ್ತಿಯಾಗಿಯೇ ತಿರುಗುತ್ತದೆ, ಹಾಗಾಗಿ ಉಲ್ಟಾ ಮಾಡಿದರೂ ಬಾಯಿಗೆ ಸಲೀಸು. "ದಿನ ತಿರುಗಿದರೆ ಹರಿಯುತ್ತದೆ (2)" ಅಂದರೆ ನದಿ. "ಲೋಕ ಹಿಂದುಮುಂದಾದರೆ ಆನೆ (2)" ಅಂದರೆ ಜಗ ಗಜವಾಯಿತು. "ಸದಾ ಉಲ್ಟಾ ನಡೆದ ಭಕ್ತ (2)" ದಾಸ. ಇದಕ್ಕಿಂತ ಒಂದು ಪಟ್ಟು ಕಷ್ಟದ್ದು, "ಮಂಗ ಹಿಂದಿರುಗಿ ಹಾಡಿತು (2)". ಮಂಗವನ್ನು ತಿರುಗಿಸಿದರೆ ಏನೂ ಸಿಗುವುದಿಲ್ಲ. ಮಂಗ ಮೊದಲು ಕಪಿ ಆಗಬೇಕು, ಆಮೇಲೆ ತಿರುಗಬೇಕು. ಪಿಕ, ಅಂದರೆ ಕೋಗಿಲೆ. ಇದನ್ನು ಬಿಡಿಸಿದವರ ಮುಖ ನೋಡಬೇಕು! ಅಂದಹಾಗೆ ಗದಗ ಎತ್ತ ಕಡೆಯಿಂದ ಓದಿದರೂ ಗದಗವೇ, ನವಜೀವನವೂ ಹಾಗೇ.

ಇದೆಲ್ಲ ಪರದೇಶದ ಬುದ್ಧಿವಂತಿಕೆ ಅನ್ನುವವರಿಗೆ ನಾನು ಹೇಳುವುದಿಷ್ಟು. ಪದಬಂಧದ ಚೌಕ ಹೊರಗಿನಿಂದ ಬಂದದ್ದು ನಿಜ. ಲಿವರ್‌ಪೂಲ್‌ನಲ್ಲಿ ಹುಟ್ಟಿದ ಆರ್ಥರ್ ವಿನ್ ಎಂಬವರು 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಮೊದಲನೆಯದನ್ನು ಹಾಕಿದರು, ಅದು ವಜ್ರದ ಆಕಾರದಲ್ಲಿತ್ತು. ಆದರೆ ಪದದಾಟ ನಮ್ಮದೇ. "ಮೂರಕ್ಷರದ ಪದ, ತಲೆ ತೆಗೆದರೆ ಮರ, ಬಾಲ ತೆಗೆದರೆ ಸಮ, ಪೂರ್ತಿ ಇದ್ದರೆ ಯುದ್ಧ" ಅಂತ ಕೇಳಿದರೆ ಶಾಲೆಯ ಮಕ್ಕಳೂ ಸಮರ ಅಂತ ಹೇಳಿಬಿಡುತ್ತಾರೆ. ವಾಲ್ಮೀಕಿ "ಮರಾ ಮರಾ" ಅನ್ನುತ್ತಾ ಹೋದಾಗ ಅದು "ರಾಮ ರಾಮ" ಆಯಿತು ಎನ್ನುವ ಕತೆಯನ್ನು ಅಜ್ಜಿಯರು ನಮಗೆ ಹೇಳಿರುವುದಿಲ್ಲವೇ? ಒಗಟು ಬಿಡಿಸಿ ಬೆಳೆದವರಿಗೆ ಪದಬಂಧ ಹೊಸ ವಿದ್ಯೆಯಲ್ಲ.

ಹಾಗಾದರೆ ಪದಸಂಪತ್ತು ಬೇಡವೇ ಬೇಡವೇ? ಸ್ವಲ್ಪ ಬೇಕು, ಒಂದು ಬಗೆಯದು. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಪುರಾಣದ ಹೆಸರುಗಳು ಬರುತ್ತಲೇ ಇರುತ್ತವೆ. ಅರ್ಜುನ ಅಂತ ಸುಳಿವಿದ್ದರೆ ಎರಡಕ್ಷರಕ್ಕೆ ಪಾರ್ಥ, ಮೂರಕ್ಕೆ ಕಿರೀಟಿ ಅಥವಾ ಫಲ್ಗುಣ, ನಾಲ್ಕಕ್ಕೆ ಧನಂಜಯ ಅಥವಾ ಸವ್ಯಸಾಚಿ. ಯಕ್ಷಗಾನ, ತಾಳಮದ್ದಲೆ ಕೇಳಿದವರಿಗೆ ಇವು ನಾಲಿಗೆಯ ತುದಿಯಲ್ಲೇ ಇರುತ್ತವೆ. ಉಳಿದವರು ಒಂದಷ್ಟು ದಿನ ಬಿಡದೆ ಬಿಡಿಸಿದರೆ ತಾನಾಗೇ ಬರುತ್ತವೆ, ಯಾಕೆಂದರೆ ಬಂದ ಪದಗಳೇ ಮತ್ತೆ ಮತ್ತೆ ಬರುತ್ತವೆ. ಚೌಕಕ್ಕೆ ಒಗ್ಗುವ ಪದಗಳು ಅಂತಲೇ ಕೆಲವು ಇವೆ. ರವ, ವನ, ನಗ, ಲತೆ, ಮಯ ಇವೆಲ್ಲ ಹಳೆಯ ಪರಿಚಯಸ್ಥರಾಗಿಬಿಡುತ್ತವೆ.

ನನಗೆ ಬೇಜಾರಾಗುವುದು ಬರೀ ಸಮಾನಾರ್ಥಕ ಪದ ಕೇಳುವ ಸುಳಿವುಗಳಿಂದ. "ಕಾಡು (3)" ಅಂತ ಕೇಳಿ ಅರಣ್ಯವೋ, ವಿಪಿನವೋ, ಕಾನನವೋ ಅಂತ ನಮ್ಮನ್ನು ಊಹೆಗೆ ಬಿಟ್ಟರೆ ಅದರಲ್ಲಿ ಆಟವೇ ಇಲ್ಲ. ಅದೇ ಕಾಡು ಎನ್ನುವುದಕ್ಕೆ ಪೀಡಿಸು ಅಂತಲೂ ಅರ್ಥ ಇದೆಯಲ್ಲ, ಅದನ್ನು ಬಳಸಿ "ಮರ ತುಂಬಿದ್ದು ಪೀಡಿಸುತ್ತದೆಯೇ? (2)" ಅಂತ ಕೇಳಿದ್ದರೆ ಉತ್ತರ ಕಾಡು ಅಂತ ಗೊತ್ತಾಗುವಾಗ ಎಷ್ಟು ಚೆನ್ನಾಗಿರುತ್ತಿತ್ತು! ಸುಳಿವು ಕಷ್ಟವಾಗಿರಲಿ, ತೊಂದರೆಯಿಲ್ಲ. ಆದರೆ ಉತ್ತರ ಸಿಕ್ಕಾಗ "ಇದೇ, ಬೇರೆ ಇರಲು ಸಾಧ್ಯವೇ ಇಲ್ಲ" ಅನ್ನಿಸಬೇಕು. ಹಾಗೆ ಅನ್ನಿಸದಿದ್ದರೆ ತಪ್ಪು ಬಿಡಿಸಿದವರದ್ದಲ್ಲ.

"ಫೋನಿನಲ್ಲಿ ಹುಡುಕಿದರೆ ಮೋಸ ಅಲ್ವಾ?" ಅಂತಲೂ ಕೆಲವರು ಕೇಳುತ್ತಾರೆ. ಮೋಸ ಅಂತ ನಾನು ಹೇಳುವುದಿಲ್ಲ. ಊರು, ನದಿ, ಕ್ರಿಕೆಟಿಗರ ಹೆಸರು ಗೊತ್ತಿಲ್ಲದಿದ್ದರೆ ಹುಡುಕಿ, ಅದು ಸುಮ್ನೆ ಮಾಹಿತಿ. ಪದದಾಟದ ಸುಳಿವನ್ನು ಮಾತ್ರ ದಯವಿಟ್ಟು ಹುಡುಕಬೇಡಿ. ಪೇಪರ್ ಮಡಚಿಡಿ, ಸಂಜೆ ಮತ್ತೆ ತೆಗೆಯಿರಿ. ಬೆಳಿಗ್ಗೆ ಒಂದೇ ಅರ್ಥಕ್ಕೆ ಅಂಟಿಕೊಂಡಿದ್ದ ತಲೆ ಅಷ್ಟರಲ್ಲಿ ಸಡಿಲವಾಗಿರುತ್ತದೆ. ಎಲ್ಲ ಮುಗಿದ ಮೇಲೆ ನಿಘಂಟು ತೆರೆಯುವ ಅಭ್ಯಾಸ ನನ್ನದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ಒಂದು ಚಿಕ್ಕ ಪದಕ್ಕೆ ಎಷ್ಟೊಂದು ಅರ್ಥ ಸಾಲುಗಟ್ಟಿ ನಿಂತಿವೆ ನೋಡಿ, ಪುಟ ಬಿಡಲು ಮನಸ್ಸಾಗುವುದಿಲ್ಲ. ಕನ್ನಡಿಗರಿಗೆ ಪದಗಳ ಅರ್ಥವನ್ನು ದಶಕಗಳ ಕಾಲ ಪತ್ರಿಕೆಯಲ್ಲೇ ಬಿಡಿಸಿ ಹೇಳಿದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು ಪದಬಂಧ ಹುಟ್ಟಿದ ವರ್ಷವೇ, 1913ರಲ್ಲಿ. ಇದು ಕಾಕತಾಳೀಯವೇ ಇರಬಹುದು, ನನಗಂತೂ ನೆನೆಸಿಕೊಂಡಾಗಲೆಲ್ಲ ಸಂತೋಷವಾಗುತ್ತದೆ.

ಹೊಸದಾಗಿ ಶುರುಮಾಡುವವರು ಒಬ್ಬರೇ ಕೂರಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರನ್ನೂ, ಕಾಲೇಜಿಗೆ ಹೋಗುವವರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಪಾಂಡವರ ಶಂಖಗಳ ಹೆಸರು ಅಜ್ಜನಿಗೆ ಗೊತ್ತಿರುತ್ತದೆ, ಹೊಸ ಸಿನಿಮಾದ ನಾಯಕಿ ಯಾರು ಅಂತ ಮೊಮ್ಮಗಳಿಗೆ ಗೊತ್ತಿರುತ್ತದೆ. "ನಂದು" ಅಂದರೆ ಆರು ಅಂತ ಯಾರಿಗೆ ಮೊದಲು ಹೊಳೆಯುತ್ತದೋ ಹೇಳಲಾಗದು. ಒಂದು ವಾರ ಸುಳಿವುಗಳನ್ನು ಗಟ್ಟಿಯಾಗಿ ಓದಿ ಬಿಡಿಸಿ ನೋಡಿ. ಗಟ್ಟಿಯಾಗಿ ಓದಿದಾಗ ಕೇಳಿಸುವ ಎರಡನೇ ಅರ್ಥ ಕಣ್ಣಿನಲ್ಲಿ ಓದಿದರೆ ಎಷ್ಟೋ ಸಲ ಸಿಗುವುದಿಲ್ಲ.