ಪುಡಿಗೆ ಅಂಗಿ ತೊಡಿಸುವ ಕೆಲಸ

ಪುಣೆಗೆ ಬಂದು ನಾಲ್ಕು ವರ್ಷವಾಯಿತು. ಧಾರವಾಡದಿಂದ ಫೋನ್ ಮಾಡಿದಾಗಲೆಲ್ಲ ಅವ್ವ ಕೇಳುವುದು ಒಂದೇ: "ಇನ್ನೂ ಆ ಪುಡೀನ ತಿರುಗಸಾಕತ್ತೀಯೇನು?"

ಹೌದು, ಅದೇ ಕೆಲಸ. ಪಾಲಿಥೀನ್ ಪುಡಿ. ನೀರಲ್ಲಿ ಎಷ್ಟು ಕಲಕಿದರೂ ಮೇಲೇ ಕೂರುತ್ತದೆ, ಒದ್ದೆಯೇ ಆಗುವುದಿಲ್ಲ. ಅದನ್ನು ಗಾಜಿನ ಡ್ರಮ್ಮಿಗೆ ಹಾಕಿ, ಗಾಳಿ ಎಳೆದು, ಅಕ್ರಿಲಿಕ್ ಆಸಿಡ್ ಆವಿ ಬಿಟ್ಟು, 13.56 ಮೆಗಾಹರ್ಟ್ಸ್ ರೇಡಿಯೋ ತರಂಗದ ಪವರ್ ಕೊಡುತ್ತೇವೆ. ಒಳಗೆ ಮಂದ ಬೆಳಕು ಹೊತ್ತುತ್ತದೆ. ಆವಿಯ ಅಣುಗಳು ಮುರಿದು, ಮತ್ತೆ ಬೆಸೆದು, ಕಣದ ಮೇಲೆ ತೆಳು ಪದರವಾಗಿ ಕೂರುತ್ತವೆ. ದಪ್ಪದ ಲೆಕ್ಕ ನ್ಯಾನೋಮೀಟರಿನಲ್ಲಿ. ಹಾಳೆಗಾದರೆ ಸುಲಭ. ಪುಡಿಯಲ್ಲಿ ಒಂದು ಕಣದ ಹಿಂದೆ ಇನ್ನೊಂದು ಅಡಗುತ್ತದಲ್ವಾ? ಅದಕ್ಕೇ ಡ್ರಮ್ ತಿರುಗುತ್ತಲೇ ಇರಬೇಕು, ಶೇಂಗಾ ಹುರಿಯುವಾಗ ಕೈಯಾಡಿಸಿದ ಹಾಗೆ. ಪವರ್ ಜಾಸ್ತಿಯಾದರೆ ನಮಗೆ ಬೇಕಾದ, ನೀರನ್ನು ಹಿಡಿದುಕೊಳ್ಳುವ ಆಸಿಡ್ ಗುಂಪುಗಳೇ ಚೂರಾಗುತ್ತವೆ.

ಮೊದಲ ವಾರ ಪಂಪಿನ ವಾಲ್ವ್ ಸರಕ್ಕನೆ ತೆರೆದುಬಿಟ್ಟಿದ್ದೆ. ಅರ್ಧ ಪುಡಿ ಫಿಲ್ಟರಿಗೆ ಹೋಯಿತು! ಸಂಜೆವರೆಗೂ ಬ್ರಷ್ ಹಿಡಿದು ಕೂತೆ. ಈಗ ಕಾಲು ಸುತ್ತು ತಿರುಗಿಸಿ, ಒಂದು ಕಟಿಂಗ್ ಚಹಾ ಮುಗಿಸಿ, ಆಮೇಲೆ ಇನ್ನೊಂದು ಕಾಲು ಸುತ್ತು.

ನಿನ್ನೆ ತೆಗೆದ ಪುಡಿಯನ್ನು ಒಂದು ಚಿಟಿಕೆ ಬೀಕರಿಗೆ ಹಾಕಿ ಸುಮ್ನೆ ಅಲುಗಿಸಿದೆ. ನೀರೆಲ್ಲ ಮಜ್ಜಿಗೆಯಂತೆ ಬೆಳ್ಳಗಾಯಿತು. ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. "ಉಪ್ಪು ಹಾಕೀಯೇನು?" ಅಂದಳು.